ಟೂಪಾಕ್, ಬಿಗ್ಗಿ ಕೊಲೆ: ಪೊಲೀಸರೇ ಮಾಡಿಸಿದ್ರಾ?

ಪ್ರಶ್ನೆ: ಮೇಡಂ, ನಾನು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದ್ತಿದ್ದೇನೆ. ಪಂಜಾಬಿ ಗಾಯಕ ಸಿಧು ಮೂಸೆವಾಲಾ ಕೊಲೆಯಾದಾಗ, ಕೆಲವೇ ದಿನ ಮೊದಲು ಬಂದಿದ್ದ ಅವರ ಹಾಡಿನ ಪೋಸ್ಟರಿನಲ್ಲಿ ಅಮೆರಿಕದ ರ‍್ಯಾಪ್ ಗಾಯಕ ಟೂಪಾಕ್‌ಗೆ ಗುಂಡು ಬಿದ್ದ ಕಾರಿನ ಚಿತ್ರ ಇತ್ತು ಅಂತ ಓದಿದೆ. ಅಲ್ಲಿಂದ ಟೂಪಾಕ್, ಅವನ ಎದುರಾಳಿ ರ‍್ಯಾಪರ್ ಬಿಗ್ಗಿ ಇಬ್ಬರ ಕೇಸನ್ನೂ ಓದುತ್ತಾ ಬಂದೆ. ಈಗ ತಲೆ ಕೆಟ್ಟುಹೋಗಿದೆ. ಪೊಲೀಸರೇ ಮಾಡಿಸಿದ್ದು ಅಂತ ಒಬ್ಬ ಗೆಳೆಯ, ಗ್ಯಾಂಗ್ ಜಗಳ ಅಷ್ಟೇ ಅಂತ ಇನ್ನೊಬ್ಬ. ಇಬ್ಬರೂ ಡಾಕ್ಯುಮೆಂಟರಿ ತೋರಿಸ್ತಾರೆ! 2023ರಲ್ಲಿ ಒಬ್ಬನನ್ನು ಹಿಡಿದರಂತೆ, ಹಾಗಾದ್ರೆ ಕೇಸು ಮುಗೀತಾ? ಅಷ್ಟು ಜನ ಓಡಾಡೋ ರಸ್ತೆಯಲ್ಲಿ ನಡೆದ ಕೊಲೆಗೆ ಇಷ್ಟು ವರ್ಷ ಯಾಕೆ? ನಾವು ಮೂವರು ಕನ್ನಡದಲ್ಲಿ ಪಾಡ್‌ಕಾಸ್ಟ್ ಮಾಡ್ತೀವಿ, ಇದರ ಮೇಲೆ ಒಂದು ಎಪಿಸೋಡ್ ಮಾಡಬೇಕು. ಯಾವ ಥಿಯರಿ ಇಟ್ಟುಕೊಳ್ಳೋದು? ಹೆಸರು ಹೇಳಿದ್ರೆ ತೊಂದ್ರೆ ಆಗುತ್ತಾ?

ಉತ್ತರ: ನಿಮ್ಮನ್ನು ಕಾಡುತ್ತಿರುವುದು ನಿಜವಾಗಿ ಮೂರು ಬೇರೆ ಬೇರೆ ಪ್ರಶ್ನೆ. ಕೊಂದವರು ಯಾರು? ಪೊಲೀಸರು ತಪ್ಪು ಮಾಡಿದರಾ? ಕೋರ್ಟಿನಲ್ಲಿ ಯಾಕೆ ಏನೂ ನಿಲ್ಲಲಿಲ್ಲ? ಡಾಕ್ಯುಮೆಂಟರಿಗಳು ಮೂರನ್ನೂ ಕಲಸಿ ಒಂದೇ ಉತ್ತರ ಕೊಡುತ್ತವೆ. ಅದಕ್ಕೇ ನಿಮ್ಮ ಗೆಳೆಯರಿಬ್ಬರೂ ಗೆಲ್ಲುತ್ತಿದ್ದಾರೆ. ನಾನು ಮೊದಲು ಸರ್ಕಾರಿ ವಕೀಲೆಯಾಗಿ, ಆಮೇಲೆ ಆರೋಪಿಗಳ ಪರವಾಗಿ ಸೆಷನ್ಸ್ ಕೋರ್ಟಿನಲ್ಲಿ ಕೊಲೆ ಕೇಸುಗಳನ್ನು ನಡೆಸಿದವಳು. ಅಮೆರಿಕದ ಕಾನೂನು ಬೇರೆ. ಆದರೆ ಕೇಸು ಕೆಡುವ ರೀತಿ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ.

ಟೂಪಾಕ್ ಸತ್ತಿಲ್ಲ, ಕ್ಯೂಬಾದಲ್ಲಿದ್ದಾನೆ ಅನ್ನುವ ಮಾತನ್ನು ಮೊದಲೇ ಬದಿಗಿಡಿ. ಆಸ್ಪತ್ರೆಯಲ್ಲಿ ಆರು ದಿನ ಇದ್ದು ತೀರಿಕೊಂಡ, ಮರಣೋತ್ತರ ಪರೀಕ್ಷೆಯೂ ಆಯಿತು. ಅದರಲ್ಲಿ ಚರ್ಚೆಗೆ ಏನೂ ಇಲ್ಲ.

1996ರ ಸೆಪ್ಟೆಂಬರ್ 7. ಲಾಸ್ ವೇಗಸ್‌ನಲ್ಲಿ ಮೈಕ್ ಟೈಸನ್ ಬಾಕ್ಸಿಂಗ್ ಪಂದ್ಯ. ಅದು ಮುಗಿದ ಮೇಲೆ ಎಂಜಿಎಂ ಗ್ರ್ಯಾಂಡ್ ಹೋಟೆಲಿನ ಲಾಬಿಯಲ್ಲಿ ಟೂಪಾಕ್ ಮತ್ತು ಅವನ ಕಡೆಯವರು ಒರ್ಲಾಂಡೋ ಆಂಡರ್ಸನ್ ಎಂಬ ಯುವಕನನ್ನು ಕೆಡವಿ ಹೊಡೆದರು. ಹೋಟೆಲಿನ ಕ್ಯಾಮೆರಾದಲ್ಲಿ ಅದು ದಾಖಲಾಗಿದೆ. ಆಂಡರ್ಸನ್ ಕಾಂಪ್ಟನ್ ಊರಿನ ಸೌತ್‌ಸೈಡ್ ಕ್ರಿಪ್ಸ್ ಗ್ಯಾಂಗಿನವನು. ಟೂಪಾಕ್‌ನ ಕಂಪನಿ ಡೆತ್ ರೋ ರೆಕಾರ್ಡ್ಸ್‌ನ ಮಾಲೀಕ ಶುಗ್ ನೈಟ್ ಸುತ್ತ ಇದ್ದವರು ಎದುರಾಳಿ ಬ್ಲಡ್ಸ್ ಕಡೆಯವರು. ಕೆಲವು ಗಂಟೆಗಳಲ್ಲೇ ಫ್ಲಮಿಂಗೋ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಿದ್ದ ಬಿಎಂಡಬ್ಲ್ಯೂ ಪಕ್ಕಕ್ಕೆ ಬಿಳಿ ಕ್ಯಾಡಿಲಾಕ್ ಬಂತು. ಟೂಪಾಕ್‌ಗೆ ನಾಲ್ಕು ಗುಂಡು ಬಿದ್ದವು. ಕಾರು ಓಡಿಸುತ್ತಿದ್ದ ಶುಗ್ ನೈಟ್‌ಗೆ ಸಣ್ಣ ಗಾಯ. ಸೆಪ್ಟೆಂಬರ್ 13ರಂದು ಟೂಪಾಕ್ ಸತ್ತ. ವಯಸ್ಸು 25.

ಯಾವ ಠಾಣೆಯ ಇನ್‌ಸ್ಪೆಕ್ಟರನ್ನು ಕೇಳಿದರೂ ಮೊದಲ ಅನುಮಾನ ಯಾರ ಮೇಲೆ ಅಂತ ಹೇಳಿಬಿಡುತ್ತಾರೆ, ಅಲ್ವಾ? ಪೊಲೀಸರಿಗೂ ಅದೇ ಅನುಮಾನ ಬಂತು. ಆಂಡರ್ಸನ್‌ನನ್ನು ವಿಚಾರಿಸಿದರು, ಅವನು ಅಲ್ಲಗಳೆದ. ಪೊಲೀಸರ ಕೈಯಲ್ಲಿ ಗನ್ ಇಲ್ಲ, ಕಾರು ಇಲ್ಲ. ಟೂಪಾಕ್ ಹಿಂದೆಯೇ ಅವನ ಬಳಗದ ಕಾರುಗಳು ಸಾಲಾಗಿ ಬರುತ್ತಿದ್ದವು, ಆದರೂ ಗುಂಡು ಹೊಡೆದವನನ್ನು ಗುರುತಿಸಲು ಮುಂದೆ ಬಂದವರಿಲ್ಲ. ಗುರುತಿಸಬಹುದು ಅಂದಿದ್ದ ಟೂಪಾಕ್‌ನ ಸಂಗಡಿಗನೊಬ್ಬ ಎರಡೇ ತಿಂಗಳಲ್ಲಿ ನ್ಯೂಜೆರ್ಸಿಯಲ್ಲಿ ಗುಂಡೇಟಿಗೆ ಸತ್ತ. ಶುಗ್ ನೈಟ್ ಅಂತೂ ಟಿವಿ ಸಂದರ್ಶನದಲ್ಲೇ, ಕೊಲೆ ಪತ್ತೆ ಮಾಡೋದು ನನ್ನ ಕೆಲಸವಲ್ಲ ಎಂಬ ಅರ್ಥದಲ್ಲಿ ಮಾತಾಡಿದ. 1998ರ ಮೇ ತಿಂಗಳಲ್ಲಿ ಆಂಡರ್ಸನ್ ಕೂಡ ಕಾಂಪ್ಟನ್‌ನ ಇನ್ನೊಂದು ಗುಂಡಿನ ಕಾಳಗದಲ್ಲಿ ಸತ್ತ. ಕೊಲೆ ನಡೆದದ್ದು ನೆವಾಡಾ ರಾಜ್ಯದಲ್ಲಿ, ಅನುಮಾನ ಇದ್ದವರೆಲ್ಲ ಕ್ಯಾಲಿಫೋರ್ನಿಯಾದಲ್ಲಿ. ಎರಡು ರಾಜ್ಯದ ಪೊಲೀಸರು ಒಂದೇ ಕೇಸನ್ನು ಹಂಚಿಕೊಂಡರೆ ಏನಾಗುತ್ತದೆ ಅನ್ನೋದು ನಮ್ಮ ಗಡಿ ಜಿಲ್ಲೆಗಳ ವಕೀಲರಿಗೆ ಚೆನ್ನಾಗಿ ಗೊತ್ತು.

ನಮ್ಮಲ್ಲಾದರೆ ಇಂಥ ಫೈಲು 'ಸಿ' ರಿಪೋರ್ಟ್ ಆಗಿ, ಪತ್ತೆಯಾಗದ ಪ್ರಕರಣ ಅಂತ ಕಪಾಟು ಸೇರುತ್ತಿತ್ತು. 'ಗೊತ್ತಿದೆ' ಅನ್ನೋದು ಬೇರೆ, ಕೋರ್ಟಿನಲ್ಲಿ ಸಾಬೀತು ಮಾಡೋದು ಬೇರೆ. ಊರಿಗೆಲ್ಲ ಆರೋಪಿ ಯಾರು ಅಂತ ಗೊತ್ತಿದ್ದೂ, ಕಟಕಟೆ ಹತ್ತಿದ ಸಾಕ್ಷಿ ಉಲ್ಟಾ ಹೊಡೆದು, ಕೇಸು ಬಿದ್ದುಹೋದದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಪತ್ತೆಯಾಗಿಲ್ಲ ಅಂದ ಕೂಡಲೇ ಮೇಲಿನವರು ಮುಚ್ಚಿಹಾಕಿದರು ಅಂತ ಅರ್ಥವಲ್ಲ. ಅಮೆರಿಕದಲ್ಲಿ ಇತ್ತೀಚಿನ ವರ್ಷಗಳಲ್ಲೂ ಹತ್ತು ಕೊಲೆಗಳಲ್ಲಿ ನಾಲ್ಕೈದು ಬಗೆಹರಿಯದೆ ಉಳಿದಿವೆ. ಬಡ ಕಪ್ಪು ಜನರ ಕೇರಿಗಳಲ್ಲಿ ಇನ್ನೂ ಜಾಸ್ತಿ. ಸಾಕ್ಷಿ ಹೇಳಿದವನಿಗೆ ಗ್ಯಾಂಗಿನ ಭಯ ಒಂದು ಕಡೆ. 1991ರಲ್ಲಿ ರಾಡ್ನಿ ಕಿಂಗ್‌ನನ್ನು ಪೊಲೀಸರು ಬಡಿದದ್ದನ್ನು ವಿಡಿಯೋದಲ್ಲಿ ನೋಡಿದ ಜನಕ್ಕೆ ಪೊಲೀಸರ ಮೇಲಿನ ಅಪನಂಬಿಕೆ ಇನ್ನೊಂದು ಕಡೆ. ಟೂಪಾಕ್‌ನ ತಾಯಿ ಅಫೇನಿ ಶಕೂರ್ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಬ್ಲ್ಯಾಕ್ ಪ್ಯಾಂಥರ್ ಸಂಘಟನೆಯ ಕಾರ್ಯಕರ್ತೆ. ಆ ಸಂಘಟನೆಯನ್ನು ಒಡೆಯಲು ಎಫ್‌ಬಿಐ ಗುಟ್ಟಾಗಿ ಕೆಲಸ ಮಾಡಿದ್ದು ಇತಿಹಾಸ. ಹಾಗಾಗಿ ಸರ್ಕಾರವೇ ಕೊಂದಿತು ಅನ್ನುವ ಮಾತು ಅಲ್ಲಿ ಸುಮ್ನೆ ಹುಟ್ಟಿದ್ದಲ್ಲ. ಆದರೆ ಹುಟ್ಟಿಗೆ ಕಾರಣ ಇದೆ ಅಂದ ಮಾತ್ರಕ್ಕೆ ಅದು ಪುರಾವೆ ಆಗುವುದಿಲ್ಲ.

ಈಗ 2023ರ ಬಂಧನ. ಡುವೇನ್ ಡೇವಿಸ್, ಅಡ್ಡಹೆಸರು ಕೆಫಿ ಡಿ, ಆಂಡರ್ಸನ್‌ನ ಸೋದರಮಾವನ ಸಾಲಿನವನು. ಆ ಕ್ಯಾಡಿಲಾಕ್‌ನಲ್ಲಿ ಇದ್ದರೆನ್ನಲಾದ ನಾಲ್ವರಲ್ಲಿ ಬದುಕಿರುವುದು ಇವನೊಬ್ಬನೇ. ಇವನ ಕಥೆ ಕೇಳಿದರೆ ಯಾವ ವಕೀಲರೂ ತಲೆ ಚಚ್ಚಿಕೊಳ್ಳಬೇಕು. 2008ರ ಸುಮಾರಿಗೆ ಮಾದಕವಸ್ತು ಕೇಸಿನಲ್ಲಿ ಸಿಕ್ಕಿಬೀಳುವ ಹಂತದಲ್ಲಿದ್ದಾಗ ಲಾಸ್ ಏಂಜಲೀಸ್ ಪೊಲೀಸರು ಇವನ ಜೊತೆ ಒಪ್ಪಂದ ಮಾಡಿಕೊಂಡರು. ಈ ಕೋಣೆಯಲ್ಲಿ ನೀನು ಹೇಳಿದ್ದನ್ನು ನಿನ್ನ ವಿರುದ್ಧವೇ ಬಳಸುವುದಿಲ್ಲ ಎಂಬ ಷರತ್ತು. ಅಲ್ಲಿ ಇದಕ್ಕೆ ಪ್ರಾಫರ್ ಅನ್ನುತ್ತಾರೆ. ನಮ್ಮ ಮಾಫಿ ಸಾಕ್ಷಿಯ, ಅಂದರೆ ಉಳಿದವರ ವಿರುದ್ಧ ಸಾಕ್ಷಿ ಹೇಳಿ ಕ್ಷಮೆ ಪಡೆಯುವ ಆರೋಪಿಯ, ದೂರದ ನೆಂಟ ಅಂದುಕೊಳ್ಳಿ. ನಮ್ಮಲ್ಲಿ ಮಾಫಿ ಕೊಡೋದು ನ್ಯಾಯಾಧೀಶರು, ಅಲ್ಲಿ ಮಾತುಕತೆ ತನಿಖೆಯವರ ಜೊತೆಗೇ ನಡೆಯುತ್ತದೆ. ತಾನು ಕಾರಿನ ಮುಂದಿನ ಸೀಟಿನಲ್ಲಿದ್ದೆ, ಗನ್ನು ಹಿಂದಿನ ಸೀಟಿಗೆ ಹೋಯಿತು, ಗುಂಡು ಬಂದದ್ದು ಅಲ್ಲಿಂದ ಅಂತ ಅವನು ಹೇಳಿದ.

ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಆ ಒಪ್ಪಂದ ಅವನನ್ನು ಕಾಪಾಡುತ್ತಿತ್ತು. ಮುಂದೆ ಅದೇ ಕಥೆಯನ್ನು ಕ್ಯಾಮೆರಾ ಮುಂದೆ ಹೇಳಿದ. 2019ರಲ್ಲಿ ಆತ್ಮಕಥೆಯಲ್ಲೂ ಬರೆದ. ಆ ಮಾತುಗಳಿಗೆ ಯಾವ ರಕ್ಷಣೆಯೂ ಇಲ್ಲ. 2023ರ ಜುಲೈನಲ್ಲಿ ಪೊಲೀಸರು ಹೆಂಡರ್ಸನ್ ಊರಿನ ಮನೆಯೊಂದನ್ನು ಶೋಧಿಸಿದರು. ಸೆಪ್ಟೆಂಬರ್ 29ರಂದು ಕೊಲೆ ಆರೋಪದ ಮೇಲೆ ಅವನನ್ನು ಬಂಧಿಸಿದರು. ತಾನೇ ಗುಂಡು ಹೊಡೆದ ಅಂತ ಆರೋಪವಲ್ಲ, ಹೊಡೆಸಿದ ಮುಖ್ಯಸ್ಥ ಅಂತ. ನೆವಾಡಾದಲ್ಲಿ ಅದೂ ಕೊಲೆಯೇ. ನಮ್ಮಲ್ಲಿ ಸಮಾನ ಉದ್ದೇಶ ಅಂತ ಹೇಳುತ್ತೇವಲ್ಲ, ಹೆಚ್ಚುಕಡಿಮೆ ಅದೇ ತರ್ಕ. ಕೊಲೆ ಕೇಸಿಗೆ ಅಲ್ಲೂ ಕಾಲಮಿತಿ ಇಲ್ಲ.

ಹಾಗಾದರೆ ಮುಗೀತಾ? ಇಲ್ಲ. ಡೇವಿಸ್ ತಾನು ತಪ್ಪಿತಸ್ಥನಲ್ಲ ಅಂದಿದ್ದಾನೆ. ದುಡ್ಡಿಗಾಗಿ, ಹೆಸರಿಗಾಗಿ ಕಥೆ ಕಟ್ಟಿದ್ದು ಅನ್ನುವುದು ಅವನ ಪರ ವಾದ. ಗನ್ನೂ ಇಲ್ಲ, ಕಾರೂ ಇಲ್ಲ ಅನ್ನುವುದೂ ಆ ವಾದದ ಭಾಗ. ಆರೋಪಿಯ ವಕೀಲೆಯಾಗಿ ನಿಂತಿದ್ದರೆ ನಾನೂ ಅಲ್ಲಿಂದಲೇ ಶುರು ಮಾಡುತ್ತಿದ್ದೆ. ನಮ್ಮ ಕೋರ್ಟುಗಳು ಹೊರಗೆ ಹೇಳಿದ ತಪ್ಪೊಪ್ಪಿಗೆಯನ್ನು ದುರ್ಬಲ ಸಾಕ್ಷ್ಯ ಅಂತಲೇ ನೋಡುತ್ತವೆ, ಜೊತೆಗೆ ಬೇರೆ ಆಧಾರ ಕೇಳುತ್ತವೆ. ಪೊಲೀಸರ ಮುಂದೆ ಹೇಳಿದ್ದಕ್ಕಂತೂ ಬೆಲೆಯೇ ಇಲ್ಲ. ಅಮೆರಿಕದಲ್ಲಿ ಒತ್ತಾಯವಿಲ್ಲದೆ ಹೇಳಿದ್ದು ಅಂತಾದರೆ ಅದು ಜ್ಯೂರಿ ಮುಂದೆ ಹೋಗುತ್ತದೆ. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ನಮ್ಮವರು ಆ ಕೇಸಿನ ಬಗ್ಗೆ ಮಾತಾಡಿದರೆ ದಾರಿ ತಪ್ಪುವುದು ಖಂಡಿತ.

ಗಮನಿಸಿ, ಇಲ್ಲಿಯವರೆಗೆ ಟೂಪಾಕ್ ಕೊಲೆಯಲ್ಲಿ ಪೊಲೀಸರು ಪಾಲುದಾರರು ಅನ್ನುವುದಕ್ಕೆ ಏನೂ ಬಂದಿಲ್ಲ. ತನಿಖೆ ಸಪ್ಪೆಯಾಗಿತ್ತು ಅನ್ನಿ, ಒಪ್ಪುತ್ತೇನೆ. ಪೊಲೀಸ್ ಭ್ರಷ್ಟಾಚಾರದ ಕಥೆ ನಿಜವಾಗಿ ಸೇರಿರುವುದು ಬಿಗ್ಗಿ ಕೇಸಿಗೆ. ಎರಡನ್ನೂ ಒಟ್ಟಿಗೆ ಹೇಳಿ ಹೇಳಿ ಜನ ಅದನ್ನು ಇದಕ್ಕೂ ಅಂಟಿಸಿಬಿಟ್ಟಿದ್ದಾರೆ.

1997ರ ಮಾರ್ಚ್ 9ರ ನಡುರಾತ್ರಿ. ಲಾಸ್ ಏಂಜಲೀಸ್‌ನ ಪೀಟರ್ಸನ್ ಮೋಟಾರು ಮ್ಯೂಸಿಯಂನಲ್ಲಿ ಪಾರ್ಟಿ ಮುಗಿಸಿಕೊಂಡು ಬಿಗ್ಗಿ, ಅಂದರೆ ಕ್ರಿಸ್ಟೋಫರ್ ವ್ಯಾಲೆಸ್, ಸಬರ್ಬನ್ ಗಾಡಿಯಲ್ಲಿ ಹೊರಟ. ಸಿಗ್ನಲ್ಲಿನಲ್ಲಿ ಗಾಢ ಬಣ್ಣದ ಷೆವರ್ಲೆ ಇಂಪಾಲಾ ಪಕ್ಕಕ್ಕೆ ಬಂತು. ಸೂಟು, ಬೋ ಟೈ ಹಾಕಿದ್ದವನೊಬ್ಬ ಗುಂಡು ಹೊಡೆದ ಅಂತ ಸಾಕ್ಷಿಗಳು ಹೇಳಿದರು. ಬಿಗ್ಗಿಗೆ 24 ವರ್ಷ. ಅವನ ಎರಡನೇ ಆಲ್ಬಮ್ ಬಿಡುಗಡೆಗೆ ಇನ್ನೂ ಹದಿನಾರು ದಿನ ಇತ್ತು. ಈ ಕೊಲೆಗೆ ಇವತ್ತಿನವರೆಗೂ ಒಬ್ಬರ ಮೇಲೂ ಆರೋಪಪಟ್ಟಿ ಇಲ್ಲ.

ಒಂಬತ್ತು ದಿನ ಕಳೆದ ಮೇಲೆ, ಮಾರ್ಚ್ 18ರಂದು, ಅದೇ ಊರಿನ ರಸ್ತೆಯಲ್ಲಿ ಇಬ್ಬರು ಕಾರಿನವರ ಜಗಳ. ಒಬ್ಬ ಇನ್ನೊಬ್ಬನಿಗೆ ಗುಂಡು ಹೊಡೆದ. ಆಮೇಲೆ ನೋಡಿದರೆ ಇಬ್ಬರೂ ಪೊಲೀಸರೇ! ಹೊಡೆದವನು ಮಫ್ತಿಯಲ್ಲಿ ಡ್ಯೂಟಿ ಮಾಡುತ್ತಿದ್ದ ಫ್ರಾಂಕ್ ಲೈಗಾ, ಸತ್ತವನು ಡ್ಯೂಟಿ ಮುಗಿಸಿದ್ದ ಕೆವಿನ್ ಗೇನ್ಸ್. ಗೇನ್ಸ್‌ಗೆ ಡೆತ್ ರೋ ಬಳಗದ ನಂಟು ಇತ್ತು. ಆ ತನಿಖೆ ಮಾಡಿದ ಪತ್ತೇದಾರ ರಸೆಲ್ ಪೂಲ್‌ಗೆ ಬಿಗ್ಗಿ ಕೇಸೂ ಬಂತು. ಎರಡೂ ಕಡೆ ಅದೇ ವಾಸನೆ ಅಂತ ಪೂಲ್‌ಗೆ ಅನ್ನಿಸಿತು.

ಅದೇ ವರ್ಷ ನವೆಂಬರಿನಲ್ಲಿ ಡೇವಿಡ್ ಮ್ಯಾಕ್ ಎಂಬ ಪೊಲೀಸ್ ಅಧಿಕಾರಿ ಬ್ಯಾಂಕಿನಿಂದ 7,22,000 ಡಾಲರ್ ದೋಚಿದ. ಹದಿನಾಲ್ಕು ವರ್ಷದ ಶಿಕ್ಷೆಯೂ ಆಯಿತು. ಅವನ ಬಳಿ ಕಪ್ಪು ಇಂಪಾಲಾ ಕಾರಿತ್ತು, ಮನೆಯಲ್ಲಿ ಟೂಪಾಕ್ ಚಿತ್ರಗಳಿದ್ದವು. ಅವನ ಹಳೆಯ ಜೊತೆಗಾರ ರಫೇಲ್ ಪೆರೆಜ್ ಇನ್ನೂ ದೊಡ್ಡ ಆಸಾಮಿ. ಸಾಕ್ಷ್ಯವಾಗಿ ಇಟ್ಟಿದ್ದ ಕೊಕೇನನ್ನೇ ಪೊಲೀಸ್ ಉಗ್ರಾಣದಿಂದ ಕದ್ದು ಸಿಕ್ಕಿಬಿದ್ದ. ಶಿಕ್ಷೆ ಕಡಿಮೆ ಮಾಡಿಸಿಕೊಳ್ಳಲು 1999ರಲ್ಲಿ ಬಾಯಿಬಿಟ್ಟಾಗ ಸುಮಾರು 70 ಪೊಲೀಸರ ಹೆಸರು ಬಂತು. ಸುಳ್ಳು ಸಾಕ್ಷ್ಯ, ಹೊಡೆತ, ತಾವೇ ಇಟ್ಟ ಗನ್ನುಗಳು. ನಿರಾಯುಧ ಯುವಕನೊಬ್ಬನಿಗೆ ಪೆರೆಜ್ ಮತ್ತು ಅವನ ಜೊತೆಗಾರ ಗುಂಡು ಹೊಡೆದು ಗಾಲಿಕುರ್ಚಿಗೆ ಹಾಕಿ, ಪಕ್ಕದಲ್ಲಿ ಗನ್ ಇಟ್ಟು, 23 ವರ್ಷ ಶಿಕ್ಷೆ ಕೊಡಿಸಿದ್ದರು. ಇದೇ ರ‍್ಯಾಂಪಾರ್ಟ್ ಹಗರಣ. ನೂರಕ್ಕೂ ಹೆಚ್ಚು ಶಿಕ್ಷೆಗಳು ರದ್ದಾದವು. ಪರಿಹಾರಕ್ಕೆ ನಗರ ಕಟ್ಟಿದ್ದು ಸುಮಾರು 12.5 ಕೋಟಿ ಡಾಲರ್. ವರ್ಷಗಟ್ಟಲೆ ಆ ಪೊಲೀಸ್ ಇಲಾಖೆ ಕೇಂದ್ರ ನ್ಯಾಯಾಂಗ ಇಲಾಖೆಯ ಒಪ್ಪಂದದಡಿ, ಕೋರ್ಟಿನ ಕಣ್ಗಾವಲಿನಲ್ಲಿ ಕೆಲಸ ಮಾಡಬೇಕಾಯಿತು.

ಪೂಲ್ ವಾದ ಇಷ್ಟು: ಮ್ಯಾಕ್ ಮತ್ತು ಅವನ ಪರಿಚಯದವನೊಬ್ಬ ಡೆತ್ ರೋ ಪರವಾಗಿ ಬಿಗ್ಗಿಯನ್ನು ಮುಗಿಸಿರಬಹುದು. ಆ ಜಾಡು ಹಿಡಿಯಲು ಮೇಲಧಿಕಾರಿಗಳು ಬಿಡಲಿಲ್ಲ. ಬೇಸತ್ತು 1999ರಲ್ಲಿ ಅವರು ರಾಜೀನಾಮೆ ಕೊಟ್ಟರು. 2015ರಲ್ಲಿ, ಇದೇ ಕೇಸಿನ ಬಗ್ಗೆ ಲಾಸ್ ಏಂಜಲೀಸ್ ಕೌಂಟಿ ಶೆರಿಫ್ ಕಚೇರಿಯಲ್ಲಿ ಮಾತಾಡುತ್ತಿದ್ದಾಗಲೇ ಕುಸಿದು ತೀರಿಕೊಂಡರು.

ಕೇಳಲು ಬಿಗಿಯಾದ ಕಥೆ. ಈಗ ಕಟಕಟೆಗೆ ಹತ್ತಿಸಿ ನೋಡೋಣ. ಇಂಪಾಲಾ ಆಗ ಆ ಊರಿನಲ್ಲಿ ಬೇಡಿಕೆಯ ಕಾರು. ಟೂಪಾಕ್ ಚಿತ್ರ ಇಟ್ಟುಕೊಂಡವರು ಲಕ್ಷಾಂತರ. ಮ್ಯಾಕ್ ಬ್ಯಾಂಕ್ ದೋಚಿದ್ದು ಸಾಬೀತಾಗಿದೆ, ಕೊಲೆಯ ಆರೋಪ ಅವನ ಮೇಲೆ ಯಾರೂ ಹೊರಿಸಿಲ್ಲ, ಅವನು ಒಪ್ಪಿಯೂ ಇಲ್ಲ. ಪೊಲೀಸರ ಕಡೆ ಬೆರಳು ತೋರಿಸಿದ್ದ ಮುಖ್ಯ ಬಾತ್ಮೀದಾರನೊಬ್ಬ 2005ರಲ್ಲಿ ಪತ್ರಿಕೆಯ ಮುಂದೆ, ನಾನು ಹೇಳಿದ್ದು ಕಿವಿಗೆ ಬಿದ್ದ ಮಾತಷ್ಟೇ ಅಂದುಬಿಟ್ಟ. ಎಫ್‌ಬಿಐ ಕೂಡ ಈ ಜಾಡು ನೋಡಿ, ಯಾರ ಮೇಲೂ ಕೇಸು ಹಾಕುವ ಹಂತಕ್ಕೆ ಹೋಗದೆ 2005ರಲ್ಲಿ ಕೈಬಿಟ್ಟಿತು. ಕೆಟ್ಟ ಪೊಲೀಸ್ ಅನ್ನೋದು ಒಂದು ಅಪರಾಧಕ್ಕೆ ಸಾಬೀತಾದರೆ ಎಲ್ಲ ಅಪರಾಧಕ್ಕೂ ಸಾಬೀತಾದ ಹಾಗಲ್ಲ.

ಹಾಗಂತ ಪೊಲೀಸರು ಪಾರಾದರು ಅಂತಲೂ ತಿಳಿಯಬೇಡಿ. ನನ್ನ ಪ್ರಕಾರ ಇಡೀ ಪ್ರಕರಣದ ಮುಖ್ಯ ಸಂಗತಿ ಇದು. ಬಹಳಷ್ಟು ಡಾಕ್ಯುಮೆಂಟರಿಗಳು ಇದನ್ನು ಎರಡೇ ನಿಮಿಷದಲ್ಲಿ ದಾಟಿಬಿಡುತ್ತವೆ. ಬಿಗ್ಗಿಯ ತಾಯಿ ವೊಲೆಟ್ಟಾ ವ್ಯಾಲೆಸ್ ಮತ್ತು ಕುಟುಂಬ 2002ರಲ್ಲಿ ಲಾಸ್ ಏಂಜಲೀಸ್ ನಗರದ ಮೇಲೆ ಸಿವಿಲ್ ದಾವೆ ಹಾಕಿದರು. 2005ರಲ್ಲಿ ವಿಚಾರಣೆ ನಡೆಯುತ್ತಿದ್ದಾಗ ಒಂದು ವಿಷಯ ಹೊರಬಿತ್ತು. ಪೆರೆಜ್ ಮತ್ತು ಮ್ಯಾಕ್ ಕೊಲೆಯಲ್ಲಿ ಇದ್ದರು ಅಂತ ಕೈದಿಯೊಬ್ಬ ಕೊಟ್ಟ ಹೇಳಿಕೆಯ ಕಾಗದಗಳು ಪೊಲೀಸರ ಬಳಿಯೇ ಇದ್ದವು, ಕುಟುಂಬದ ವಕೀಲರಿಗೆ ಕೊಟ್ಟಿರಲಿಲ್ಲ. ಮರೆತುಹೋಗಿತ್ತು ಅಂತ ಅಧಿಕಾರಿ ಹೇಳಿದರು. ನ್ಯಾಯಾಧೀಶೆ ಫ್ಲಾರೆನ್ಸ್ ಮೇರಿ ಕೂಪರ್ ನಂಬಲಿಲ್ಲ. ಬೇಕಂತಲೇ ಬಚ್ಚಿಟ್ಟದ್ದು ಅಂತ ಹೇಳಿ ವಿಚಾರಣೆಯನ್ನೇ ರದ್ದು ಮಾಡಿದರು. 2006ರಲ್ಲಿ ನಗರಕ್ಕೆ ಸುಮಾರು 11 ಲಕ್ಷ ಡಾಲರ್ ದಂಡ ಬಿತ್ತು.

ಆ ಕೈದಿ ಹೇಳಿದ್ದು ನಿಜವಾ ಅನ್ನೋದು ಬೇರೆ ಮಾತು. ಸುಳ್ಳೇ ಇರಬಹುದು. ಆದರೆ ಅದನ್ನು ಬಚ್ಚಿಟ್ಟದ್ದು ಕೋರ್ಟ್ ಎತ್ತಿಹಿಡಿದ ಸತ್ಯ. ಇಲಾಖೆಯವನೇ ಕೊಲೆಗಾರ ಅಂತಾದರೆ ಪರಿಹಾರ ಕಟ್ಟಬೇಕಾದದ್ದು ನಗರ. ಹಾಗಾಗಿ ತನಿಖೆ ಮಾಡುವವರು ಯಾವ ಇಲಾಖೆಯವರೋ, ಒಂದು ಉತ್ತರ ಬಂದರೆ ನಷ್ಟ ಆಗುವುದೂ ಅದೇ ಇಲಾಖೆಗೆ. ಪೊಲೀಸರು ಗುಂಡು ಹಾರಿಸಿರಬೇಕಾಗಿಯೇ ಇಲ್ಲ. ಕಾಗದ ಬಚ್ಚಿಟ್ಟರೂ ಕೇಸು ಸಾಯುತ್ತದೆ. ಮೂಸೆವಾಲಾ ಕೇಸಿನಲ್ಲೇ ನೋಡಿ. 2022ರ ಅಕ್ಟೋಬರಿನಲ್ಲಿ ಆರೋಪಿಯೊಬ್ಬ ಮಾನ್ಸಾ ಪೊಲೀಸರ ವಶದಿಂದಲೇ ಪರಾರಿಯಾದ, ಅಲ್ಲಿನ ಅಧಿಕಾರಿಯನ್ನು ವಜಾ ಮಾಡಿ ಬಂಧಿಸಿದರು. ಅದರಿಂದ ಪೊಲೀಸರೇ ಮೂಸೆವಾಲಾನನ್ನು ಕೊಲ್ಲಿಸಿದರು ಅಂತ ಯಾರಾದರೂ ಹೇಳುತ್ತಾರಾ? ಆದರೆ ಕೇಸಿಗೆ ಪೆಟ್ಟು ಬಿದ್ದದ್ದು ಸುಳ್ಳಲ್ಲ.

ಇನ್ನೊಂದು ಥಿಯರಿಯೂ ಇದೆ. ಕುಟುಂಬದ ದಾವೆಯ ಬಿಸಿ ತಟ್ಟಿದ ಮೇಲೆ 2006ರಲ್ಲಿ ಪೊಲೀಸರು ಹೊಸ ತಂಡ ಮಾಡಿದರು. ಅದರಲ್ಲಿದ್ದ ಗ್ರೆಗ್ ಕೇಡಿಂಗ್ ಪ್ರಕಾರ, ಟೂಪಾಕ್ ಕೊಲೆಗೆ ಸೇಡಾಗಿ ಶುಗ್ ನೈಟ್ ಜೈಲಿನಲ್ಲಿದ್ದುಕೊಂಡೇ ಗ್ಯಾಂಗಿನವನೊಬ್ಬನಿಂದ ಬಿಗ್ಗಿಯನ್ನು ಹೊಡೆಸಿದ. ಹೊಡೆದವನು ಎನ್ನಲಾದವನು 2003ರಲ್ಲಿ ಸತ್ತಿದ್ದಾನೆ. ಶುಗ್ ನೈಟ್ ಇದನ್ನು ಅಲ್ಲಗಳೆದಿದ್ದಾನೆ, ಕೇಸೂ ಆಗಿಲ್ಲ. ತಮಾಷೆ ಏನೆಂದರೆ ಡೇವಿಸ್‌ನನ್ನು ಮಾತಾಡಿಸಿದ್ದು ಇದೇ ತಂಡ. ಬಿಗ್ಗಿ ಕೊಲೆಯಾದ ರಾತ್ರಿಯ ಪಾರ್ಟಿಯಲ್ಲಿ ಅವನೂ ಇದ್ದ ಅನ್ನುವ ಕಾರಣಕ್ಕೆ ಕರೆಸಿದರು. ಅವನು ಬಾಯಿಬಿಟ್ಟದ್ದು ಟೂಪಾಕ್ ಬಗ್ಗೆ.

ನನ್ನ ಅಭಿಪ್ರಾಯ ಕೇಳಿದರೆ: ಟೂಪಾಕ್ ಕೊಲೆ ಲಾಬಿಯ ಹೊಡೆತಕ್ಕೆ ಸೇಡು ಅನ್ನುವುದು ಬಲವಾದ ವಿವರಣೆ. ಬಿಗ್ಗಿ ವಿಷಯದಲ್ಲಿ ಕೇಡಿಂಗ್ ಹೇಳಿದ್ದು ಪೂಲ್ ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚು ನಂಬುವಂತಿದೆ, ಅಷ್ಟೇ. ಎರಡರಲ್ಲಿ ಯಾವುದನ್ನು ನನ್ನ ಕೈಗೆ ಕೊಟ್ಟಿದ್ದರೂ ಚಾರ್ಜ್‌ಶೀಟ್ ಹಾಕಿ ಅಂತ ಸಲಹೆ ಕೊಡುತ್ತಿರಲಿಲ್ಲ.

ಹಾಗಾದರೆ ಇಂಥ ಕೇಸಿನಲ್ಲಿ ಕುಟುಂಬಕ್ಕೆ, ತನಿಖೆಯವರಿಗೆ ಇದ್ದ ದಾರಿ ಏನು? ಒಳಗಿನವನೊಬ್ಬನಿಗೆ ರಿಯಾಯಿತಿ ಕೊಟ್ಟು ಬಾಯಿಬಿಡಿಸಬಹುದು. ಅವನು ತನ್ನ ತಪ್ಪನ್ನು ಸತ್ತವರ ಮೇಲೆ ಹಾಕುವುದು ಇಲ್ಲಿನ ಅಪಾಯ, ಮತ್ತು ಆ ಮಾತನ್ನು ಅವನ ಮೇಲೆ ತಿರುಗಿಸುವಂತಿಲ್ಲ. ಸಿವಿಲ್ ದಾವೆ ಹಾಕಿದರೆ ಪೊಲೀಸ್ ಕಾಗದಗಳನ್ನು ಕೋರ್ಟ್ ಮೂಲಕ ತರಿಸಬಹುದು. ಅಲ್ಲಿ ಪುರಾವೆಯ ಮಟ್ಟ ಕ್ರಿಮಿನಲ್ ಕೇಸಿಗಿಂತ ಕಡಿಮೆ ಸಾಕು. ಬಚ್ಚಿಟ್ಟದ್ದು ಹೊರಬಂದದ್ದೂ ಹಾಗೇ. ಆದರೆ ಪೊಲೀಸರೇ ಎದುರು ಪಕ್ಷವಾದಾಗ ಅವರು ಕೊಲೆಗಾರನನ್ನು ಹುಡುಕುವುದಕ್ಕಿಂತ ತಮ್ಮನ್ನು ಕಾಪಾಡಿಕೊಳ್ಳಲು ಕೂರುತ್ತಾರೆ. 2010ರಲ್ಲಿ ಆ ದಾವೆ ಕೊನೆಗೊಂಡಿತು, ನಡೆಯುತ್ತಿದ್ದ ತನಿಖೆಗೆ ಅಡ್ಡಿಯಾಗಬಾರದು ಎಂಬ ಕಾರಣ ಕೊಟ್ಟರು. ತನಿಖೆ ಎಲ್ಲಿಗೂ ಮುಟ್ಟಲಿಲ್ಲ. ವೊಲೆಟ್ಟಾ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಮಗನ ಕೊಲೆಗಾರ ಯಾರು ಅಂತ ಯಾವ ಕೋರ್ಟೂ ಅವರಿಗೆ ಹೇಳಲಿಲ್ಲ. ಹೊರಗಿನ ಸಂಸ್ಥೆಗೆ ತನಿಖೆ ಒಪ್ಪಿಸಬೇಕಿತ್ತು ಅನ್ನುವವರಿದ್ದಾರೆ. ಅದನ್ನು ಮೊದಲ ತಿಂಗಳಲ್ಲೇ ಮಾಡಬೇಕು. ವರ್ಷಗಳು ಕಳೆದ ಮೇಲೆ ಸಿಬಿಐ ಬಂದರೂ ಎಫ್‌ಬಿಐ ಬಂದರೂ ಕೈಗೆ ಸಿಗುವುದು ಹಳೇ ಕಾಗದವೇ.

ಕೊನೆಗೆ ನಿಮ್ಮ ಪಾಡ್‌ಕಾಸ್ಟ್. ಒಂದೇ ಥಿಯರಿ ಹಿಡಿದರೆ ಎಪಿಸೋಡ್ ಓಡುತ್ತದೆ, ನಿಜ. ಆದರೆ ಈ ವಿಷಯದಲ್ಲಿ ದೊಡ್ಡ ಪತ್ರಿಕೆಯೇ ಬಿದ್ದಿದೆ. 1994ರಲ್ಲಿ ನ್ಯೂಯಾರ್ಕಿನಲ್ಲಿ ಟೂಪಾಕ್ ಮೇಲೆ ನಡೆದ ದಾಳಿಯ ಬಗ್ಗೆ ಲಾಸ್ ಏಂಜಲೀಸ್ ಟೈಮ್ಸ್ 2008ರಲ್ಲಿ ದೊಡ್ಡ ವರದಿ ಹಾಕಿತು. ಆಧಾರವಾಗಿದ್ದ ಎಫ್‌ಬಿಐ ಕಾಗದಗಳು ನಕಲಿ ಅಂತ ಗೊತ್ತಾಗಿ ವರದಿಯನ್ನು ಹಿಂದಕ್ಕೆ ಪಡೆದು ಕ್ಷಮೆ ಕೇಳಿತು. ಹಾಗಾಗಿ ಎರಡೂ ಥಿಯರಿ ಹೇಳಿ, ಯಾವುದು ಕೋರ್ಟ್ ಹೇಳಿದ್ದು, ಯಾವುದು ಪತ್ತೇದಾರರ ಅಭಿಪ್ರಾಯ, ಯಾವುದು ಕೈದಿಯ ಮಾತು ಅಂತ ಪ್ರತಿ ಸಲ ಬಾಯಿಬಿಟ್ಟು ಹೇಳಿ. ಕೇಳುಗರಿಗೆ ಬೇಜಾರಾಗುತ್ತದೆ ಅಂತ ಹೆದರಬೇಡಿ. ಕಾಗದ ಬಚ್ಚಿಟ್ಟ ಕಥೆಯೇ ಸಾಕಷ್ಟು ರೋಚಕವಾಗಿದೆ.

ಹೆಸರಿನ ವಿಷಯ. ಶಿಕ್ಷೆಯಾದದ್ದನ್ನು ಶಿಕ್ಷೆಯಾಗಿದೆ ಅಂತ, ಆರೋಪ ಇರುವುದನ್ನು ಆರೋಪ ಅಂತ ಹೇಳಿದರೆ ತೊಂದರೆ ಕಡಿಮೆ. ಆರೋಪವೇ ಹೊರಿಸದವರನ್ನು ಕೊಲೆಗಾರ ಅನ್ನಬೇಡಿ. ನಮ್ಮ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಪ್ರಕಾರ ಮಾನಹಾನಿ ಈಗಲೂ ಅಪರಾಧ. ಅಲ್ಲಿ ನಿಜ ಹೇಳಿದೆ ಅಂದರೆ ಸಾಲದು, ಸಾರ್ವಜನಿಕ ಹಿತಕ್ಕಾಗಿ ಹೇಳಿದ್ದು ಅಂತಲೂ ತೋರಿಸಬೇಕು. ಸತ್ತವರ ಬಗ್ಗೆ ಹೇಳಿದ್ದೂ ಅವರ ಮನೆಯವರನ್ನು ನೋಯಿಸುವ ಉದ್ದೇಶದ್ದಾದರೆ ಅದರೊಳಗೆ ಬರಬಹುದು. ಅಮೆರಿಕದವರು ದಾವಣಗೆರೆಗೆ ಬಂದು ಕೇಸು ಹಾಕುತ್ತಾರಾ ಅಂತ ನಗಬಹುದು. ಕೇಸಿಗಿಂತ ಮೊದಲು ಯೂಟ್ಯೂಬ್‌ಗೆ ಒಂದು ದೂರು ಹೋದರೆ ಸಾಕು, ಎಪಿಸೋಡೇ ಇರುವುದಿಲ್ಲ.

ಡೇವಿಸ್ ಬಗ್ಗೆ ಮಾತಾಡುವಾಗ 'ಆರೋಪಿ' ಅಂತಲೇ ಹೇಳಿ, 'ಹಂತಕ' ಅನ್ನಬೇಡಿ. ಅವನ ವಿಚಾರಣೆಯ ತಾರೀಕು ಈಗಾಗಲೇ ಹಲವು ಸಲ ಮುಂದಕ್ಕೆ ಹೋಗಿದೆ. ಅಪ್‌ಲೋಡ್ ಮಾಡುವ ದಿನ ಬೆಳಗ್ಗೆ ಕೇಸಿನ ಸ್ಥಿತಿ ಇನ್ನೊಂದು ಸಲ ನೋಡಿಕೊಂಡು, ಆ ತಾರೀಕನ್ನು ಎಪಿಸೋಡಿನ ಶುರುವಿನಲ್ಲೇ ಹೇಳಿಬಿಡಿ.